ಹಳೆ ಹೆಸರಿನ ಪೆಟ್ಟಿಗೆಗೆ ಆಲೆ ಮರದ ಗುಂಡಿಗಳು

ಆ ಪೆಟ್ಟಿಗೆ ನನ್ನ ಅಂಗಡಿಗೆ ಬಂದಾಗ ನಾನು ಲೇತಿನ ಮೋಟರೊಂದನ್ನು ಬಿಚ್ಚಿಕೊಂಡು ಕೂತಿದ್ದೆ. ಮೋಟರಿನಿಂದ ಸುಟ್ಟ ವಾಸನೆ ಬಂದು ಮೂರು ದಿನವಾಗಿತ್ತು. ಸುರುಳಿ ಸುಟ್ಟಿದೆಯೆಂದು ಮೂಗಿದ್ದವರಿಗೆಲ್ಲ ಗೊತ್ತಾಗುತ್ತಿತ್ತು. ನಾನು ಮಾತ್ರ ಒಂದೊಂದು ಸುರುಳಿಗೂ ಮೀಟರ್ ಹಿಡಿದು, ಮರುದಿನ ಮತ್ತೆ ಹಿಡಿದು, ಖಾತ್ರಿಯಾಗುವ ತನಕ ಬಾಯಿ ಬಿಡುವವನಲ್ಲ. ಇದರಿಂದ ಚನ್ನಪಟ್ಟಣದಲ್ಲಿ ನನಗೆ ಒಳ್ಳೆಯ ಹೆಸರೂ ಇತ್ತು, ಕಾಯಿಸಿ ಸಾಯಿಸುತ್ತಾನೆ ಎಂಬ ಮಾತೂ ಇತ್ತು.

ಮೋಟರಿನ ಒಡತಿ ಎದುರಿಗೇ ಸ್ಟೂಲಿನ ಮೇಲೆ ಕೂತಿದ್ದರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಹೊಂಗನೂರಿನಿಂದ ದಿನಾ ಬೆಳಿಗ್ಗೆ ಬಸ್ಸಿಗೆ ಬಂದು, ನಮ್ಮ ಹಿಂದಿನ ಬೀದಿಯಲ್ಲಿ ನಾಲ್ಕು ಲೇತುಗಳ ಗೊಂಬೆ ಕಾರ್ಖಾನೆ ನಡೆಸುತ್ತಿದ್ದರು. ಅವರ ಜೊತೆ ಕೆಲಸಕ್ಕಿದ್ದವರೆಲ್ಲ ಹೆಂಗಸರು. ಮಕ್ಕಳು ಬಾಯಿಗಿಟ್ಟುಕೊಳ್ಳುವ ಗಿಲಕಿ, ಉರುಳುವ ಗಾಡಿ, ಒಂದರ ಮೇಲೊಂದು ಕೂರುವ ಬಳೆ, ಇವೇ ಅವರ ಮಾಲು. ಮೋಟರು ನಿಂತು ಒಂದು ಲೇತು ಖಾಲಿ ಬಿದ್ದಿದ್ದರೂ ಅವರು ನನ್ನನ್ನು ಅವಸರ ಮಾಡಿದವರಲ್ಲ.

ಆಗ ಬಿಡದಿಯ ಕಡೆಯಿಂದ ಕಾರೊಂದು ಬಂದು ನಿಂತಿತು. ಹೆದ್ದಾರಿ ಅಗಲವಾದ ಮೇಲೆ ಬಿಡದಿಯಲ್ಲಿ ದಿನಕ್ಕೊಂದು ಶೆಡ್ಡು ಏಳುತ್ತಿದ್ದ ಕಾಲ ಅದು. ಕಾರಿನಿಂದಿಳಿದವರು ಅಂಥದೊಂದು ಶೆಡ್ಡಿನ ಮ್ಯಾನೇಜರು. ಅವರು ಹುಡುಕಿಕೊಂಡು ಬಂದಿದ್ದು ಅಕ್ಕನನ್ನು. ಕಾರ್ಖಾನೆಯವರು ಅಕ್ಕ ಇಲ್ಲಿದ್ದಾರೆಂದು ಹೇಳಿ ಕಳಿಸಿದ್ದರು. ಕಂಕುಳಲ್ಲಿದ್ದ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಒಳಗಿದ್ದ ಯಂತ್ರದ ಮೂಲೆಯಲ್ಲಿ ಬರೆದಿದ್ದ ಹೆಸರು ಓದಿದಾಗ ಮೀಟರು ಹಿಡಿದ ನನ್ನ ಕೈ ಹಾಗೇ ನಿಂತಿತು.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ ಮನೆ ಬಳಕೆಗೆಂದು ಬರುತ್ತಿದ್ದ ಕಂಪ್ಯೂಟರಿನ ಹೆಸರು ಅದು. ಅಕ್ಷರ ಒತ್ತುವ ಗುಂಡಿಗಳ ಹಲಗೆಯೊಳಗೇ ಇಡೀ ಯಂತ್ರ ಅಡಗಿರುತ್ತಿತ್ತು, ಟೀವಿಗೆ ಸಿಕ್ಕಿಸಬೇಕಿತ್ತು, ಬರೆದದ್ದನ್ನು ಕ್ಯಾಸೆಟ್ಟಿನಲ್ಲಿ ಉಳಿಸಬೇಕಿತ್ತು. ನಮ್ಮ ಶಾಲೆಗೆ ಯಾರೋ ದಾನ ಕೊಟ್ಟಿದ್ದ ಒಂದಿತ್ತು. ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಈಗ ಇವರು ಹೆಸರನ್ನಷ್ಟೇ ಕೊಂಡುಕೊಂಡು, ಒಳಗೆ ಹೊಸ ಬೋರ್ಡು ಕೂರಿಸಿ, ಮತ್ತೆ ಮಾರುಕಟ್ಟೆಗೆ ಬಿಡುವವರಿದ್ದರು. ಹಳೆಯ ಕ್ಯಾಸೆಟ್ಟುಗಳೂ ಓಡುತ್ತವೆ, ಹೊಸ ಕೆಲಸವೂ ಆಗುತ್ತದೆ ಎಂದರು. ಎಲ್ಲರ ಕಂಪ್ಯೂಟರಿನಂತೆ ಕಾಣಬಾರದೆಂದು ಗುಂಡಿಗಳನ್ನು ಮಾತ್ರ ಚನ್ನಪಟ್ಟಣದ ಅರಗಿನ ಕೆಲಸದಲ್ಲಿ, ದುಂಡಗೆ, ಬಣ್ಣ ಬಣ್ಣವಾಗಿ ಮಾಡಿಸಬೇಕೆಂದು ಅವರ ಆಸೆ.

ನನಗೆ ಸಿಟ್ಟು ಬಂತು. ಸತ್ತವರ ಅಂಗಿ ತೊಟ್ಟುಕೊಂಡು ಬಂದವನನ್ನು ನೋಡಿದರೆ ಬರುವಂಥ ಸಿಟ್ಟು. ಮ್ಯಾನೇಜರು ಅದನ್ನು ಗಮನಿಸಿದರೋ ಏನೋ, ನನ್ನ ಕಡೆ ತಿರುಗಿ, ಈ ಭಾಗದ ರಿಪೇರಿಗೆ ಅಧಿಕೃತ ಅಂಗಡಿಯೊಂದು ಬೇಕಾಗಿದೆ, ನಿಮ್ಮ ಅಂಗಡಿಯ ಮೇಲೆ ನಮ್ಮ ಬೋರ್ಡು ಹಾಕಬಹುದು ಎಂದರು. ಇಷ್ಟು ಬೇಗ ಬೋರ್ಡು ಕೊಡುವವರ ಮೇಲೆ ಅನುಮಾನ ಹೆಚ್ಚುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ.

ಎಂಟು ದಿನದೊಳಗೆ ಉತ್ತರ ಬೇಕೆಂದು ಹೇಳಿ, ಪೆಟ್ಟಿಗೆಯನ್ನು ನೋಡಿಕೊಳ್ಳಿ ಎಂದು ನನ್ನ ಬಳಿ ಬಿಟ್ಟು ಅವರು ಹೋದರು.

ಅಕ್ಕ ಎದ್ದು ಬಂದು ಯಂತ್ರವನ್ನು ಸುತ್ತಲೂ ನೋಡಿದರು. ಆಮೇಲೆ ತಮ್ಮ ಕಷ್ಟ ಹೇಳಿದರು. ಗೊಂಬೆಗೆ ಬಳಸುವ ಆಲೆ ಮರವನ್ನು ಹಸಿಯಾಗಿ ಕಡೆಯುವಂತಿಲ್ಲ, ಕಡೆದರೆ ಸೀಳುತ್ತದೆ. ತೊಗಟೆ ತೆಗೆದು, ನೆರಳಿನಲ್ಲಿ ಗಾಳಿಯಾಡುವಂತೆ ಜೋಡಿಸಿ, ತಿಂಗಳುಗಟ್ಟಲೆ ಕಾಯಬೇಕು. ಅವರ ಕಾರ್ಖಾನೆಯ ಹಿತ್ತಲಲ್ಲಿ ಪೇರಿಸಿದ್ದ ಮರದ ಒಟ್ಟು ಒಂದು ಮಳೆಗಾಲ, ಒಂದು ಚಳಿಗಾಲ ಕಳೆದು ಆಗತಾನೇ ಹದಕ್ಕೆ ಬಂದಿತ್ತು. ಅದನ್ನು ದಸರಾ ಹೊತ್ತಿನ ಗೊಂಬೆ ಕೆಲಸಕ್ಕೆಂದು ಇಟ್ಟುಕೊಂಡಿದ್ದರು. ಮ್ಯಾನೇಜರು ಕೇಳಿದಷ್ಟು ಗುಂಡಿ ಮಾಡಬೇಕಾದರೆ ಒಟ್ಟು ಪೂರ್ತಿ ಬೇಕು. ಬೆರಳ ತುದಿಯಷ್ಟು ತುಂಡು ಮಾಡಿದ ಮೇಲೆ ಆ ಮರದಿಂದ ಗಿಲಕಿಯೂ ಆಗದು, ಗಾಡಿಯ ಒಡಲೂ ಆಗದು. ಕಂಪ್ಯೂಟರು ನಡೆಯದಿದ್ದರೆ ಮುಂದಿನ ಒಟ್ಟು ಒಣಗುವ ತನಕ ನಾಲ್ಕು ಲೇತೂ ಸುಮ್ಮನೆ ನಿಲ್ಲಬೇಕು, ಕೆಲಸದವರು ಬೇರೆ ಕಡೆ ಹೋಗಿಬಿಡುತ್ತಾರೆ.

"ಮರ ನಂಗೊತ್ತೈತೆ ಕಣಪ್ಪ, ಈ ಡಬ್ಬ ಗೊತ್ತಿಲ್ಲ," ಎಂದರು. "ನೀನು ಒಸಿ ಬಿಚ್ಚಿ ನೋಡು. ನೀನು ಸರಿ ಐತೆ ಅಂದ್ರೆ ಮರದ ಒಟ್ಟಿಗೆ ಕೈ ಹಾಕ್ತೀನಿ."

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವನೇ ಬಿಚ್ಚಲು ಕೂತೆ. ತಳದಲ್ಲಿ ನಾಲ್ಕು ಸ್ಕ್ರೂ. ಒಳಗೆ ಹಳೆಯ ಯಂತ್ರದ್ದೆನ್ನುವ ಒಂದೇ ಒಂದು ಚಿಪ್ಪು ಇರಲಿಲ್ಲ. ಅಂಗೈ ಅಗಲದ ಹೊಸ ಬೋರ್ಡು, ಅದರ ಮುಖ್ಯ ಚಿಪ್ಪಿನ ಮೇಲೆ ಶಾಖ ಹೀರುವ ಅಲ್ಯೂಮಿನಿಯಮ್ಮಿನ ಹಲ್ಲುಗಳು, ಫ್ಯಾನಿಲ್ಲ. ಹಳೆಯ ಯಂತ್ರದಂತೆ ನಟಿಸಲು ಒಂದು ತಂತ್ರಾಂಶ. ಸದ್ಯಕ್ಕೆ ಪ್ಲಾಸ್ಟಿಕ್ಕಿನವನ್ನು ಕೂರಿಸಿದ್ದ ಗುಂಡಿಗಳ ಹಲಗೆ ಈ ಬೋರ್ಡಿನ ನೆತ್ತಿಯ ಮೇಲೇ ಕೂತಿತ್ತು. ಕ್ಯಾಸೆಟ್ಟಿನ ತಂತಿ ಸಿಕ್ಕಿಸುವ ತೂತಿನಿಂದ ಹೊರಟ ಎರಡು ಎಳೆಗಳನ್ನು ಹಿಂಬಾಲಿಸಿದರೆ ಅವು ಮೈಕು ಸಿಕ್ಕಿಸುವ ಜಾಗಕ್ಕೆ ಹೋಗಿ ಸೇರಿದ್ದವು, ಕ್ಯಾಸೆಟ್ಟು ಓದುವ ಬೇರೆ ಭಾಗವೇ ಇರಲಿಲ್ಲ. ಬರೀ ತೋರಿಕೆಗೆ ಇಟ್ಟ ತೂತು ಎಂದು ತೀರ್ಮಾನಿಸಿದೆ. ಅಟ್ಟದ ಮೇಲಿದ್ದ ನನ್ನ ಶಾಲೆಯ ಕಾಲದ ಕ್ಯಾಸೆಟ್ಟು ಇಳಿಸಿ, ಹಳೆಯ ಟೇಪ್ ರೆಕಾರ್ಡರಿಗೆ ಹಾಕಿ ಓಡಿಸಿದೆ. ಕಿರ್ರೆಂದು ಸದ್ದಾಯಿತು, ಪರದೆಯ ಮೇಲೆ ತಪ್ಪು ಎಂದು ಬಂತು. ಮೂರು ಸಲ ಹಾಕಿದೆ, ಮೂರು ಸಲವೂ ತಪ್ಪು. ನನಗೆ ಒಳಗೊಳಗೇ ಖುಷಿಯಾಯಿತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಮ್ಯಾನೇಜರಿಗೆ ಫೋನು ಮಾಡಿ, ನಿಮ್ಮ ಪೆಟ್ಟಿಗೆ ಸುಳ್ಳು ಹೇಳುತ್ತದೆ ಎಂದೆ. ಅವರು ವಾದ ಮಾಡಲಿಲ್ಲ. ಊಟದ ಹೊತ್ತಿಗೆ ತಾವೇ ಬಂದರು. ಟೇಪ್ ರೆಕಾರ್ಡರಿನ ಮುಂದೆ ಕೂತು, ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಸಣ್ಣ ಸ್ಕ್ರೂಡ್ರೈವರ್ ಕೇಳಿದರು. ಕ್ಯಾಸೆಟ್ಟು ಓಡುತ್ತಿರುವಾಗಲೇ ಟೇಪನ್ನು ಓದುವ ಹೆಡ್ಡಿನ ಪಕ್ಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ, ಕಿವಿಯನ್ನು ಹತ್ತಿರ ಹಿಡಿದರು. ಮಂಕಾಗಿದ್ದ ಸದ್ದು ಮೆಲ್ಲಗೆ ಚೂಪಾಯಿತು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಆ ಯಂತ್ರದ ಜೊತೆ ರಜೆಗಳನ್ನು ಕಳೆದವರಿಗೆ ಮಾತ್ರ ಗೊತ್ತು. ನಾನೂ ಶಾಲೆಯಲ್ಲಿ ಹಾಗೇ ಮಾಡುತ್ತಿದ್ದೆ, ಮತ್ತು ಆವತ್ತು ಬೆಳಿಗ್ಗೆ ಮಾಡಲು ನೆನಪಾಗಿರಲಿಲ್ಲ. ಅಥವಾ ನೆನಪು ಮಾಡಿಕೊಳ್ಳಲು ಮನಸ್ಸಿರಲಿಲ್ಲ.

ನಾಲ್ಕನೇ ಸಲ ಪ್ರೋಗ್ರಾಮು ಒಳಗೆ ಬಂತು. ನಾನು ಒಂಬತ್ತನೇ ಕ್ಲಾಸಿನಲ್ಲಿ ಬರೆದಿದ್ದ ಆಟ. ಮೇಲಿನಿಂದ ರೇಷ್ಮೆ ಗೂಡುಗಳು ಬೀಳುತ್ತವೆ, ಕೆಳಗೊಂದು ಬಿದಿರಿನ ತಟ್ಟೆ ಹಿಡಿದು ಓಡಾಡಿ ಹಿಡಿಯಬೇಕು. ಆಟ ಹಾಗೇ ಇತ್ತು. ಆದರೆ ಗೂಡುಗಳು ಹಳದಿಯಾಗಿದ್ದವು.

ಶಾಲೆಯಲ್ಲಿದ್ದದ್ದು ಕಪ್ಪು ಬಿಳುಪಿನ ಟೀವಿ. ಪುಸ್ತಕ ನೋಡಿ ಹಳದಿಗೆ ಇಂಥ ಅಂಕಿ, ಹಸಿರಿಗೆ ಇಂಥ ಅಂಕಿ ಎಂದು ಬರೆದಿದ್ದೆನೇ ಹೊರತು ಬಣ್ಣವನ್ನು ಒಂದು ದಿನವೂ ಕಂಡಿರಲಿಲ್ಲ. ನಾನು ಬಳಿದ ಬಣ್ಣವನ್ನು ನಾನೇ ಮೊದಲ ಸಲ ನೋಡುತ್ತಿದ್ದೆ. ಅಷ್ಟು ವರ್ಷದ ಮೇಲೆ, ಅನುಮಾನಪಟ್ಟ ಪೆಟ್ಟಿಗೆಯ ಮೂಲಕ. ಕಣ್ಣಲ್ಲಿ ನೀರು ಬಂತು. ಮ್ಯಾನೇಜರು ನೋಡಿಯೂ ನೋಡದವರಂತೆ ಟೇಪ್ ರೆಕಾರ್ಡರಿನ ಮುಚ್ಚಳ ಹಾಕಿದರು. ಅವರು ಹೊರಟ ಮೇಲೆ ಅರ್ಧ ಗಂಟೆ ಗೂಡು ಹಿಡಿದೆ. ಅಂಗಡಿಗೆ ಬಂದ ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿದೆ.

ಸಂಜೆಗೆ ಮುಂಚೆ ಅಕ್ಕನ ಕಾರ್ಖಾನೆಗೆ ಹೋಗಿ, ಯಂತ್ರ ಸರಿಯಾಗಿದೆ, ಮರದ ಒಟ್ಟಿಗೆ ಕೈ ಹಾಕಬಹುದು ಎಂದು ಹೇಳಿದೆ. ಅಕ್ಕ ಲೇತಿನ ಮುಂದೆ ಕೂತಿದ್ದರು. ತಿರುಗುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದಿದ್ದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ತಾಳೆಗರಿ ಹಿಡಿದರೆ ಹೊಳಪು. ಕಡ್ಡಿ ಕೆಳಗಿಟ್ಟು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಗಲಿ, ಮೊದಲು ಒಂದು ಯಂತ್ರಕ್ಕಾಗುವಷ್ಟು ನಮೂನೆ ಗುಂಡಿ ಮಾಡಿಕೊಡುತ್ತೇನೆ, ಕೂರಿಸಿ ನೋಡು ಎಂದರು.

ಗುಂಡಿಗಳು ಎರಡು ದಿನದಲ್ಲಿ ಬಂದವು. ಹೇಳಬೇಕಾದ ಮಾತೆಂದರೆ, ಅಷ್ಟು ಚೆಂದದ ಗುಂಡಿಗಳನ್ನು ನಾನು ಯಾವ ಯಂತ್ರದ ಮೇಲೂ ಕಂಡಿಲ್ಲ. ಅಂಕಿಗಳಿಗೆ ಹಳದಿ, ಅಕ್ಷರಗಳಿಗೆ ಕೆಂಪು, ಅಂಚಿನವಕ್ಕೆ ಹಸಿರು. ಹಿಂಬದಿ ತೂತು ಎಲ್ಲದರಲ್ಲೂ ಒಂದೇ ಅಳತೆ, ಒಂದನ್ನೂ ಅರದಿಂದ ಉಜ್ಜಬೇಕಾಗಲಿಲ್ಲ. ಕೂರಿಸಿ, ಯಂತ್ರ ಹಚ್ಚಿ, ಅಕ್ಕನನ್ನು ಕರೆದು ಆಟ ತೋರಿಸಿದೆ. ಬೇಸಿಗೆಯ ಮಧ್ಯಾಹ್ನ, ಕರೆಂಟಿತ್ತು, ನಾನು ಮಾತಿನ ಭರದಲ್ಲಿದ್ದೆ. ಶಾಲೆಯ ಕಥೆ, ಕಪ್ಪು ಬಿಳುಪಿನ ಟೀವಿಯ ಕಥೆ ಎಲ್ಲ ಹೇಳಿದೆ. ನನ್ನ ಅಂಗಡಿಯ ಮೇಲೆ ಬರಲಿರುವ ಬೋರ್ಡಿನ ವಿಷಯವನ್ನೂ ಹೇಳಿದೆನೆಂದು ಕಾಣುತ್ತದೆ. ಒಂದು ಗಂಟೆಯ ಮೇಲಾಗಿತ್ತು.

ಅಕ್ಕ ಪರದೆಯನ್ನು ನೋಡುತ್ತಿರಲಿಲ್ಲ. ಅವರ ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ಮುಗಿದ ಗೊಂಬೆಯನ್ನು ಅದೇ ದಿನ ಡಬ್ಬಕ್ಕೆ ತುಂಬುವುದಿಲ್ಲ. ಪ್ರತಿ ಸರದಿಯಿಂದ ಒಂದೆರಡು ಗೊಂಬೆ ತೆಗೆದು ಮಧ್ಯಾಹ್ನದ ಬಿಸಿಲಲ್ಲಿ ತಗಡಿನ ಮೇಲಿಟ್ಟು, ಆಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿಯುತ್ತಾರೆ. ಬೆರಳಿನ ಗುರುತು ಉಳಿದರೆ ಆ ಮಾಲು ಹೊರಗೆ ಹೋಗುವಂತಿಲ್ಲ. ಅಕ್ಕ ಈಗ ಹಲಗೆಯ ನಡು ಸಾಲಿನ ಕೆಂಪು ಗುಂಡಿಯೊಂದರ ಮೇಲೆ ಹೆಬ್ಬೆರಳಿಟ್ಟು ಹತ್ತು ಎಣಿಸುವಷ್ಟು ಹೊತ್ತು ಒತ್ತಿದರು. ಕೈ ಎತ್ತಿದಾಗ ಗುಂಡಿ ಬೆರಳಿಗೆ ಅಂಟಿಕೊಂಡು ಒಂದಿಷ್ಟು ಮೇಲೆದ್ದು ಬಂತು. ಹೊಳಪಿನ ಮೇಲೆ ಅವರ ಬೆರಳಿನ ಗೆರೆಗಳು ಅಚ್ಚೊತ್ತಿದಂತೆ ಉಳಿದವು.

"ಅರಗು ಬೆವರ್ತದೆ," ಎಂದರು.

ಮೊದಲ ದಿನವೇ ಕಂಡಿದ್ದೆ. ಬೋರ್ಡಿನ ನೆತ್ತಿಯ ಮೇಲೆ ಗುಂಡಿಗಳು, ಕೆಳಗೆ ಅಲ್ಯೂಮಿನಿಯಮ್ಮಿನ ಹಲ್ಲು, ಫ್ಯಾನಿಲ್ಲ. ಬಿಸಿ ಮೇಲಕ್ಕಲ್ಲದೆ ಎಲ್ಲಿಗೆ ಹೋದೀತು? ಅರಗು ಬಿಸಿಗೇ ಹತ್ತುವ ವಸ್ತು, ಬಿಸಿಗೇ ಮೆದುವಾಗುತ್ತದೆ. ಇವೆರಡೂ ನನಗೆ ಗೊತ್ತಿದ್ದವು. ನಾನು ಕ್ಯಾಸೆಟ್ಟಿನ ತೂತನ್ನು ಅನುಮಾನಿಸಿದೆ, ಆ ಅನುಮಾನ ಸುಳ್ಳಾದ ಕೂಡಲೇ ಎಲ್ಲ ಅನುಮಾನವನ್ನೂ ಮಡಿಚಿ ಒಳಗಿಟ್ಟೆ. ಮ್ಯಾನೇಜರು ತೋರಿಸುವಾಗಲೂ ಹತ್ತು ನಿಮಿಷಕ್ಕಿಂತ ಹೆಚ್ಚು ಓಡಿಸಿರಲಿಲ್ಲ ಎಂಬುದು ಆಗ ನೆನಪಾಯಿತು.

ಆದರೂ ನನ್ನ ಬುದ್ಧಿ ಬಿಡಲಿಲ್ಲ, ಅಳೆದು ನೋಡಬೇಕೆನಿಸಿತು. ಪಕ್ಕದ ಅಂಗಡಿಯವರ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳು ಮನೆಯ ಗೋಡೆಗೆ ತೂಗುಹಾಕುವ ಥರ್ಮಾಮೀಟರನ್ನು ಕೇಳಿ ತಂದು ಗುಂಡಿಗಳ ಸಂದಿಯಲ್ಲಿ ಇಳಿಬಿಟ್ಟೆ. ಪಾದರಸ ನಿಲ್ಲದೆ ಏರಿ ಮೇಲಿನ ಕೊನೆಯ ಗೆರೆ ಮುಟ್ಟಿತು. ಗಾಜು ಒಡೆದೀತೆಂದು ಹೆದರಿ ಹೊರಗೆಳೆದೆ. ಎಷ್ಟು ಬಿಸಿಯೆಂದು ಕೊನೆಗೂ ಗೊತ್ತಾಗಲಿಲ್ಲ. ಹುಳುವಿಗೆ ಅಳತೆ ಮಾಡಿದ ಕಡ್ಡಿಗೆ ಮೀರಿದ ಬಿಸಿ ಎಂಬುದಷ್ಟೇ ಗೊತ್ತಾಯಿತು.

ಅಕ್ಕ ಒಂದು ಮಾತೂ ಬೈಯಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದರು. ಮರದ ಒಟ್ಟಿನಲ್ಲಿ ಎಷ್ಟು ಕುಯ್ದಿರಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹಿಂದಿನ ಎರಡು ದಿನವೂ ಹಿಂದಿನ ಬೀದಿಯಿಂದ ಗರಗಸದ ಸದ್ದು ಕೇಳಿಸಿತ್ತು. ಕೇಳಿಸಿದಾಗೆಲ್ಲ ಕೆಲಸ ಸಾಗುತ್ತಿದೆ ಎಂದು ಸಂತೋಷಪಟ್ಟಿದ್ದೆ.

ಮರುದಿನ ಪೆಟ್ಟಿಗೆ ಎತ್ತಿಕೊಂಡು ಬಸ್ಸು ಹತ್ತಿ ಬಿಡದಿಗೆ ಹೋದೆ. ಶೆಡ್ಡಿನಲ್ಲಿ ಯಂತ್ರಗಳಿಗಿಂತ ಹೆಚ್ಚಾಗಿ ಖಾಲಿ ರಟ್ಟಿನ ಡಬ್ಬಗಳಿದ್ದವು. ಒಂದೊಂದರ ಮೇಲೂ ಆ ಹೆಸರು ಹಳೆಯ ಅಕ್ಷರದಲ್ಲೇ ಮಿರಮಿರ ಹೊಳೆಯುತ್ತಿತ್ತು. ಉದ್ದನೆಯ ಮೇಜಿನ ಹತ್ತಿರ ಮೂವರು ಕೂತು ಬೋರ್ಡು ಕೂರಿಸುತ್ತಿದ್ದರು. ಮ್ಯಾನೇಜರಿಗೆ ಗುಂಡಿ ತೋರಿಸಿದೆ. ಬೆರಳಿನ ಗುರುತು ನೋಡಿ ಅವರು ಬೆಚ್ಚಲಿಲ್ಲ. ಅವರಿಗೆ ಗೊತ್ತಿತ್ತೆಂದು ಆಗಲೇ ಅನಿಸಿತು. ಫ್ಯಾನು ಹಾಕಬಹುದಲ್ಲ ಎಂದೆ. ಹಾಕಿದರೆ ಯಂತ್ರ ದಪ್ಪವಾಗುತ್ತದೆ, ಹಳೆಯದರಂತೆ ಕಾಣುವುದಿಲ್ಲ ಎಂದರು. ಹಾಗಾದರೆ ನಿಧಾನದ, ತಣ್ಣನೆಯ ಬೋರ್ಡು ಹಾಕಿ ಎಂದೆ. ಬೋರ್ಡುಗಳು ಬಂದು ಬಿದ್ದಿವೆ ಎಂದರು.

ಗಂಟೆಗಟ್ಟಲೆ ಕೆಲಸ ಮಾಡುವವರು ಏನು ಮಾಡಬೇಕು ಎಂದು ಕೇಳಿದೆ. ಮ್ಯಾನೇಜರು ನನ್ನನ್ನು ಸ್ನೇಹದಿಂದಲೇ ನೋಡಿದರು.

"ಸರ್, ನಮ್ಮ ನಮ್ಮಲ್ಲಿ ಹೇಳ್ತೀನಿ," ಎಂದರು. "ಇದರಲ್ಲಿ ಯಾರೂ ಗಂಟೆಗಟ್ಟಲೆ ಕೆಲಸ ಮಾಡಲ್ಲ. ತಗೋತಾರೆ, ಒಂದು ಸಲ ಹಳೇ ಆಟ ಆಡ್ತಾರೆ, ಕಣ್ಣು ಒದ್ದೆ ಆಗುತ್ತೆ, ಶೋಕೇಸಲ್ಲಿ ಇಡ್ತಾರೆ. ನಿಮಗೂ ಹಾಗೇ ಆಯ್ತಲ್ಲ."

ನನಗೆ ಅವಮಾನವಾಯಿತು. ಮೋಸ ಹೋದದ್ದಕ್ಕಲ್ಲ, ಅವರು ಹೇಳಿದ್ದು ನಿಜವಾಗಿದ್ದಕ್ಕೆ. ತಿರುಪು ತಿರುಗಿಸುವಾಗ ಅವರ ಕಿವಿಯಲ್ಲಿದ್ದ ಪ್ರೀತಿ ನಾಟಕವೆಂದು ಈಗಲೂ ನನಗೆ ಅನಿಸುವುದಿಲ್ಲ. ಆ ಪ್ರೀತಿಯನ್ನೇ ಅವರು ಡಬ್ಬಕ್ಕೆ ತುಂಬಿ ಮಾರಲು ಹೊರಟಿದ್ದರು, ಅಷ್ಟೇ. ಕೊಳ್ಳುವವರು ಬೇಕಾದರೆ ಕೊಳ್ಳಲಿ. ಅದಕ್ಕೆ ಹದವಾದ ಒಂದು ಒಟ್ಟು ಮರ ಹೋಗಬೇಕಾಗಿರಲಿಲ್ಲ. ಅರಗಿನ ಬದಲು ಬೇರೆ ಪೇಂಟು ಬಳಿಯಲು ನಿಮ್ಮ ಅಕ್ಕನಿಗೆ ಹೇಳಿ, ಡಬ್ಬದ ಮೇಲೆ ಅರಗೆಂದೇ ಇರಲಿ ಎಂದು ಮ್ಯಾನೇಜರು ಸಲಹೆ ಕೊಟ್ಟರು. ನಾನು ಪೆಟ್ಟಿಗೆಯನ್ನು ಅವರ ಮೇಜಿನ ಮೇಲೆ ಬಿಟ್ಟು, ಗುಂಡಿಗಳನ್ನಷ್ಟೇ ಕಿತ್ತು ಕೈಚೀಲಕ್ಕೆ ಹಾಕಿಕೊಂಡೆ. ನನ್ನ ಅಂಗಡಿಗೆ ಬೋರ್ಡು ಬೇಡವೆಂದೆ. ಅಕ್ಕನ ಪರವಾಗಿಯೂ ಬೇಡವೆಂದೆ, ಹಾಗೆನ್ನುವ ಹಕ್ಕು ನನಗಿದೆಯೇ ಎಂದು ಯೋಚಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಒಂದೇ ಲೆಕ್ಕಾಚಾರ. ಕುಯ್ದ ತುಂಡುಗಳಿಂದ ಮಣಿಯಾದರೂ ಆದೀತೇ, ಮುಂದಿನ ಮರಕ್ಕೆ ಯಾರನ್ನು ಕೇಳಬೇಕು, ಲೇತುಗಳು ನಿಂತರೆ ಆ ಹೆಂಗಸರಿಗೆ ನಾನು ಹೇಗೆ ಮುಖ ತೋರಿಸಲಿ. ಬಸ್ಸಿಳಿದವನು ಅಂಗಡಿಗೂ ಹೋಗದೆ ನೇರ ಕಾರ್ಖಾನೆಗೆ ನಡೆದೆ. ಅಕ್ಕ ಒಳಗೆ ಯಾರಿಗೋ ಉಳಿ ಮಸೆಯುವುದನ್ನು ತೋರಿಸುತ್ತಿದ್ದರು. ನಾನು ನಿಲ್ಲದೆ ಹಿತ್ತಲಿಗೆ ಹೋದೆ.

ಮರದ ಒಟ್ಟು ಹಾಗೇ ಇತ್ತು. ಜೋಡಿಸಿದ ಕೊಂಬೆಗಳ ತುದಿಗೆ ಬಳಿದ ಸುಣ್ಣವೂ ಕದಲಿರಲಿಲ್ಲ. ಮೇಲಿನ ಸಾಲಿನಲ್ಲಿ ನಮೂನೆ ಗುಂಡಿಗಳಿಗೆಂದು ತೆಗೆದ ಒಂದೇ ಒಂದು ಕೊಂಬೆಯ ಜಾಗ ಖಾಲಿಯಿತ್ತು. ಪಕ್ಕದಲ್ಲಿ ಹೊಸದಾಗಿ ಬಂದ ಹಸಿ ಮರ, ಮುಂದಿನ ವರ್ಷಕ್ಕೆಂದು ಕುಯ್ದು ಜೋಡಿಸಿದ್ದು. ಗರಗಸದ ಸದ್ದು ಅದರದ್ದು.

ಅಕ್ಕ ಹಿಂದೆಯೇ ಬಂದು ನಿಂತಿದ್ದರು. ನಾನು ಸರಿ ಇದೆ ಎಂದು ಹೇಳಿದ್ದೆನಲ್ಲ, ಯಾಕೆ ಮುಟ್ಟಲಿಲ್ಲ ಎಂದು ಕೇಳಿದೆ.

"ಮೋಟ್ರು ಸುಟ್ಟೋಗೈತೆ ಅಂತ ಯೋಳಕ್ಕೆ ಮೂರು ದಿನ ತಗಂಡೋನು ನೀನು," ಎಂದರು. "ಆ ಡಬ್ಬ ಸರಿ ಐತೆ ಅಂತ ಒಂದೇ ದಿನಕ್ಕೆ ನಗ್ತಾ ಬಂದ್ಬುಟ್ಟೆ. ನೀನು ನಕ್ಕಂಡು ಬಂದಿದ್ದು ನೋಡೇ ನಂಗೆ ಅನುಮಾನ ಬಂತು ಕಣಪ್ಪ."

ಕೈಚೀಲ ತೆಗೆದುಕೊಂಡು ಗುಂಡಿಗಳನ್ನು ಲೇತಿನ ಪಕ್ಕ ಸುರಿದರು. ಬೆರಳಿನ ಗುರುತಿದ್ದ ಗುಂಡಿಯನ್ನು ನನಗೆ ಕೊಡಿ, ನೆನಪಿಗಿಟ್ಟುಕೊಳ್ಳುತ್ತೇನೆ ಎಂದೆ. ಅವರು ಕೊಡಲಿಲ್ಲ. ನೆನಪು ನಿನ್ನ ತಲೆಯಲ್ಲಿರಲಿ, ಮರ ಕೆಟ್ಟಿಲ್ಲವಲ್ಲ ಎಂದು ಹೇಳಿ, ಅದನ್ನು ಲೇತಿಗೆ ಕಚ್ಚಿಸಿ ಮೋಟರು ಹಚ್ಚಿದರು. ಈ ನಡುವೆ ನಾನು ರಿಪೇರಿ ಮಾಡಿಕೊಟ್ಟಿದ್ದ ಮೋಟರೇ ಅದು. ಉಳಿ ತಾಗಿದ್ದೇ ಕೆಂಪು ಅರಗು ಪುಡಿಯಾಗಿ ಉದುರಿ ಬಿಳಿಯ ಮರ ಕಂಡಿತು. ಗಂಟೆಯೊಳಗೆ ನಾಲ್ಕು ಗುಂಡಿಗಳು ಹೊಸ ಅರಗು ಹತ್ತಿಸಿಕೊಂಡು ಪುಟ್ಟ ಗಾಡಿಯೊಂದರ ಚಕ್ರಗಳಾದವು. ಗಾಡಿಯನ್ನು ಬಾಗಿಲಾಚೆ ತಗಡಿನ ಮೇಲೆ ಬಿಸಿಲಿಗಿಟ್ಟು, ಊಟ ಮಾಡಿಕೊಂಡು ಬಾ, ಆಮೇಲೆ ನೀನೇ ಬೆರಳಿಟ್ಟು ನೋಡುವೆಯಂತೆ ಎಂದರು.